ಎರಡು ಪೊಟ್ಟಣ, ಒಂದು ಮೂಗು

"ಎರಡನ್ನೂ ಕೈಯಲ್ಲಿ ಹಿಡ್ಕೊಂಡು ಸರಿಯಾಗಿ ನೋಡು. ಏನಾದ್ರೂ ವ್ಯತ್ಯಾಸ ಗೊತ್ತಾಗುತ್ತಾ?" ಎಂದು ಅಪ್ಪ ಕೇಳಿದರು.

ಕುಮುದಾಳ ಎರಡು ಅಂಗೈಗಳ ಮೇಲೂ ಒಂದೊಂದು ಕಾಗದದ ಪೊಟ್ಟಣ ಕೂತಿತ್ತು. ಅಪ್ಪ ಸ್ಟೀಲ್ ಸ್ಕೇಲ್ ಇಟ್ಟು ಗೆರೆ ಎಳೆದು ಒಂದೇ ಡ್ರಾಯಿಂಗ್ ಶೀಟಿನಿಂದ ಕತ್ತರಿಸಿದ ಕಾಗದಗಳು ಅವು. ತೂಕದಲ್ಲೂ ಹೆಚ್ಚುಕಮ್ಮಿ ಆಗಬಾರದೆಂದು ಸ್ಕೇಲನ್ನು ಪೆನ್ಸಿಲ್ ಮೇಲೆ ತಕ್ಕಡಿಯ ಹಾಗೆ ನಿಲ್ಲಿಸಿ, ಆ ತುದಿಗೊಂದು ಈ ತುದಿಗೊಂದು ಪೊಟ್ಟಣ ಇಟ್ಟು, ಒಳಗಿನ ಹೂಗಳನ್ನು ಒಂದೊಂದಾಗಿ ತೆಗೆದು, ಹಾಕಿ, ಸಮ ಮಾಡಿದ್ದರು. ಆಮೇಲೆ ಯಾವುದು ಎಲ್ಲಿದೆ ಎಂದು ತಮಗೂ ಗೊತ್ತಾಗಬಾರದೆಂದು ಅಮ್ಮನ ಕೈಯಿಂದ ಕಣ್ಣುಮುಚ್ಚಿ ಅದಲುಬದಲು ಮಾಡಿಸಿದ್ದರು.

ಒಂದರಲ್ಲಿ ಮಲ್ಲಿಗೆ, ಇನ್ನೊಂದರಲ್ಲಿ ಕನಕಾಂಬರ. ಮಲ್ಲಿಗೆ ಬಂದರೆ ಕುಮುದಾಳ ಅಕ್ಕ ಭಾನುಮತಿ ಬೆಂಗಳೂರಿನಲ್ಲೇ, ಕೆ.ಆರ್. ಸರ್ಕಲ್ ಹತ್ತಿರದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವುದು. ಕನಕಾಂಬರ ಬಂದರೆ ಸಮುದ್ರದ ದಡದ ಸುರತ್ಕಲ್ಲಿಗೆ ಹೋಗಿ, ಹಾಸ್ಟೆಲಿನಲ್ಲಿದ್ದು ಓದುವುದು. ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ದೇವರ ಮುಂದಿನಿಂದ ಒಂದು ಪೊಟ್ಟಣ ಎತ್ತಿಕೊಡಬೇಕಾದವಳು ಕುಮುದಾ. ಹೂವಿನಲ್ಲಿ ದೇವರನ್ನು ಕೇಳುವಾಗ ಏನೂ ಅರಿಯದ ಮಗುವೇ ಎತ್ತಬೇಕು ಎಂದು ಅಜ್ಜಿ ಹೇಳಿದ್ದರು. ಮನೆಯಲ್ಲಿ ಮಗು ಎಂದು ಕರೆಯಬಹುದಾದವಳು ಇವಳೊಬ್ಬಳೇ, ಆರನೆಯ ಕ್ಲಾಸಿನವಳು.

ಏನೂ ಅರಿಯದ ಮಗು ಪೊಟ್ಟಣಗಳನ್ನು ತಿರುಗಿಸಿ ಮುರುಗಿಸಿ ನೋಡಿತು. ಕಣ್ಣಿಗೆ ಏನೂ ತಿಳಿಯಲಿಲ್ಲ. ಇನ್ನಷ್ಟು ಹತ್ತಿರದಿಂದ ನೋಡೋಣವೆಂದು ಮುಖದ ಬಳಿಗೆ ತಂದಳು. ಎಡಗೈಯ ಪೊಟ್ಟಣ ಘಮ್ಮೆಂದಿತು. ಬಲಗೈಯದು ಬರೀ ಕಾಗದದ ವಾಸನೆ.

ಮಲ್ಲಿಗೆ ಯಾವುದೆಂದು ಕುಮುದಾಳಿಗೆ ಗೊತ್ತಾಗಿಹೋಯಿತು. ಆದರೆ ಮುಖವನ್ನು ಆದಷ್ಟು ಪೆದ್ದಾಗಿ ಇಟ್ಟುಕೊಂಡಳು. ಅದು ಅವಳಿಗೆ ಕಷ್ಟದ ಕೆಲಸವೇನಲ್ಲ.

"ಗೊತ್ತಾಗಲ್ಲಪ್ಪ. ಎರಡೂ ಒಂದೇ ಥರ ಇದೆ," ಎಂದಳು.

"ಪಾಸ್," ಎಂದರು ಅಪ್ಪ. ಹೇಳಿ, ಸಂತೋಷಕ್ಕೆ ಒಂದು ಚಿಟಿಕೆ ನಶ್ಯ ಏರಿಸಿದರು.

ಆ ನಶ್ಯದಿಂದಲೇ ಎಲ್ಲಾ ಎಡವಟ್ಟಾದದ್ದು. ಅಪ್ಪ ಕೃಷ್ಣಸ್ವಾಮಿ ಜಾಲಹಳ್ಳಿಯ ಒಂದು ದೊಡ್ಡ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದರು. ಬೇರೆಯವರು ತಯಾರಿಸಿದ ಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ರಿಜೆಕ್ಟ್ ಎಂದು ಪಕ್ಕಕ್ಕೆ ಹಾಕುವುದು ಅವರ ಕೆಲಸ. ಉದ್ದ, ಅಗಲ, ದಪ್ಪ, ತೂಕ, ಯಾವುದನ್ನೂ ಅವರು ಬಿಡುತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ನಶ್ಯ ಏರಿಸಿದ ಮೂಗಿಗೆ ವಾಸನೆ ಎಂಬುದೊಂದು ಇದೆಯೆಂದೇ ಮರೆತುಹೋಗಿತ್ತು. ಅಮ್ಮನೋ, ಸದಾ ತಲೆಯಲ್ಲಿ ಮಲ್ಲಿಗೆ ಮುಡಿದಿರುವವಳು. ಅವಳಿಗೆ ಆ ವಾಸನೆ ಹೊಸದಾಗಿ ಗೊತ್ತಾಗುವ ಹಾಗಿರಲಿಲ್ಲ.

ಇಷ್ಟಕ್ಕೂ ದೇವರನ್ನು ಕೇಳುವ ಮಟ್ಟಕ್ಕೆ ವಿಷಯ ಹೋದದ್ದೇಕೆಂದರೆ, ಎರಡು ಕಾಲೇಜುಗಳೂ ಸೀಟು ಕೊಟ್ಟುಬಿಟ್ಟಿದ್ದವು. ಒಂದೇ ಕೊಟ್ಟಿದ್ದರೆ ಎಲ್ಲರೂ ಖುಷಿಯಾಗಿರುತ್ತಿದ್ದರು. ಎರಡು ಕೊಟ್ಟದ್ದರಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅಪ್ಪ ಎರಡನ್ನೂ ಉದ್ದಗಲಕ್ಕೆ ವಿಚಾರಿಸಿದರು. ವರ್ಕ್‌ಶಾಪ್ ಹೇಗಿದೆ, ಲೈಬ್ರರಿ ಹೇಗಿದೆ, ಮೇಷ್ಟ್ರುಗಳು ಹೇಗೆ ಎಂದು ಫ್ಯಾಕ್ಟರಿಯ ಇಂಜಿನಿಯರುಗಳನ್ನೆಲ್ಲ ಕೇಳಿಕೊಂಡು ಬಂದರು. ಕೊನೆಗೆ ತಲೆಯ ಮೇಲೆ ಕೈಹೊತ್ತು ಕೂತರು. ತಪ್ಪು ಕಂಡರೆ ತಾನೇ ರಿಜೆಕ್ಟ್ ಮಾಡುವುದು. ಎರಡರಲ್ಲೂ ಅವರಿಗೆ ತಪ್ಪೇ ಸಿಗಲಿಲ್ಲ.

ಅಜ್ಜಿ ನಾಗಲಕ್ಷ್ಮಮ್ಮನವರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಹೂಡಿ ಎಂಬ ಹಳ್ಳಿಯಲ್ಲಿ ಹೊಲ ಗೇಯ್ದು, ಮಗನನ್ನು ಓದಿಸಿ ಫ್ಯಾಕ್ಟರಿಗೆ ಸೇರಿಸಿದವರು ಅವರು. ಹೆಣ್ಣುಮಗು ಓದಲಿ, ಎಷ್ಟು ಬೇಕಾದರೂ ಓದಲಿ, ಆದರೆ ಸಂಜೆ ಮನೆಗೆ ಬಂದು ಮುದ್ದೆ ಉಣ್ಣಲಿ ಎಂಬುದು ಅವರ ವಾದ. ಸುರತ್ಕಲ್ಲಿನಲ್ಲಿ ಮೂರು ಹೊತ್ತೂ ಮೀನು, ಮಗ್ಗುಲಲ್ಲೇ ಸಮುದ್ರ ಎಂದು ಯಾರೋ ಅವರಿಗೆ ಹೇಳಿದ್ದರು. ಅಮ್ಮನದೋ, ಯಾರು ಕೊನೆಗೆ ಮಾತಾಡಿದರೋ ಅವರ ಪಕ್ಷ. ಭಾನಕ್ಕನನ್ನು ಕೇಳಿದರೆ "ನೀವು ಹೇಳಿದ ಹಾಗೆ" ಎಂದು ಪುಸ್ತಕ ಹಿಡಿದುಕೊಳ್ಳುತ್ತಿದ್ದಳು. ಸೋಮವಾರ ಹೋಗಿ ಸೇರಿಕೊಳ್ಳಲೇಬೇಕಿತ್ತು. ಹಾಗಾಗಿ ಹೂವು.

ಕುಮುದಾಳನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳ ಉತ್ತರ ಸಿದ್ಧವಾಗಿತ್ತು. ಭಾನಕ್ಕ ಹೋಗಕೂಡದು. ಭೂಗೋಳದ ಮ್ಯಾಪುಗಳಿಗೆ ನೀಲಿ ಸಮುದ್ರ ತುಂಬಿಕೊಡುವವಳು ಭಾನಕ್ಕ. ಭಿನ್ನರಾಶಿಯನ್ನು ಬೈಯದೆ ಹೇಳಿಕೊಡುವವಳು ಭಾನಕ್ಕ. ಅಮ್ಮ ಬಾಚಿದರೆ ತಲೆಕೂದಲು ಕಿತ್ತುಬರುವ ಹಾಗಾಗುತ್ತದೆ, ಭಾನಕ್ಕ ಬಾಚಿದರೆ ನಿದ್ದೆ ಬರುತ್ತದೆ. ಒಂದೇ ಮಂಚದ ಮೇಲೆ ಗೋಡೆ ಕಡೆ ಇವಳು, ಈಚೆ ಅವಳು. ಈಚೆ ಬದಿ ಖಾಲಿಯಾದರೆ ತಾನು ಕೆಳಗೆ ಬೀಳುತ್ತೇನೆ ಎಂಬುದು ಕುಮುದಾಳ ಬಲವಾದ ನಂಬಿಕೆ. ಇಷ್ಟೆಲ್ಲ ಕಾರಣಗಳನ್ನು ಜೋಡಿಸಿಕೊಂಡಾಗ ತಾನು ಅಕ್ಕನ ಹಿತವನ್ನೇ ಯೋಚಿಸುತ್ತಿದ್ದೇನೆ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಅಮ್ಮ ಅವಳಿಗೆ ಎಣ್ಣೆ ಸ್ನಾನ ಮಾಡಿಸಿ, ಹಸಿರು ಲಂಗ ತೊಡಿಸಿ, ದೇವರ ಮುಂದೆ ನಿಲ್ಲಿಸಿದಳು. ಅಪ್ಪ ಹೇಳಿದರೆಂದು ಭಾನಕ್ಕ ತಟ್ಟೆಯಲ್ಲಿ ಎರಡು ಪೊಟ್ಟಣಗಳನ್ನು ತಂದು ವೆಂಕಟರಮಣನ ಪಟದ ಕೆಳಗಿಟ್ಟಳು.

ಆಗ ಬಂತು ತೊಂದರೆ. ಅಜ್ಜಿ ಊದುಬತ್ತಿ ಹಚ್ಚಿದರು. ಸಾಲದೆಂದು ಇನ್ನೂ ಒಂದು ಕಟ್ಟು ಹಚ್ಚಿದರು. ಅದೂ ಸಾಲದೆಂದು ಸಾಂಬ್ರಾಣಿ ಹಾಕಿದರು. ಕೋಣೆಯ ತುಂಬ ಹೊಗೆಯೋ ಹೊಗೆ. ಮಲ್ಲಿಗೆ ಹಾಗಿರಲಿ, ಪಕ್ಕದಲ್ಲಿದ್ದ ಅಮ್ಮನೇ ಸರಿಯಾಗಿ ಕಾಣುತ್ತಿರಲಿಲ್ಲ. ಕುಮುದಾಳ ಯೋಜನೆ ಅರ್ಧಕ್ಕರ್ಧ ನೆಲಕಚ್ಚಿತು.

ಆದರೆ ಅವಳು ಸುಲಭಕ್ಕೆ ಸೋಲುವವಳಲ್ಲ. ಉದ್ದಂಡ ನಮಸ್ಕಾರ ಮಾಡಿದಳು. ಮೂಗು ತಟ್ಟೆಗೆ ತಾಗುವಷ್ಟು ಮುಂದೆ ಹೋಗಿ, ಅಲ್ಲೇ ಮಲಗಿದಳು. ಒಂದು ಸಲ ಎಡಕ್ಕೆ ಉಸಿರೆಳೆದಳು. ಒಂದು ಸಲ ಬಲಕ್ಕೆ ಉಸಿರೆಳೆದಳು. ಸಂದೇಹ ಉಳಿಯಬಾರದೆಂದು ಮತ್ತೊಂದು ಸಲ ಎಡಕ್ಕೆ.

"ನೋಡ್ರಿ ನಮ್ ಕೂಸ್ನ," ಎಂದು ಅಜ್ಜಿ ಕಣ್ಣೊರೆಸಿಕೊಂಡರು. "ಎಂಗ್ ಬೇಡ್ಕೊಂತೈತೆ."

ಕುಮುದಾ ಎದ್ದು ಬಲಗಡೆಯ ಪೊಟ್ಟಣ ಎತ್ತಿಕೊಟ್ಟಳು. ಅಪ್ಪ ಬಿಚ್ಚಿದರು. ಬೆಳ್ಳಗೆ ಮಲ್ಲಿಗೆ.

ಅಜ್ಜಿ ಎರಡೂ ಕೈ ಎತ್ತಿ ಗೋವಿಂದಾ ಎಂದರು. ಅಪ್ಪ ಹೂವನ್ನು ಪಟದ ಮುಂದಿಟ್ಟು, ದೇವರ ಇಷ್ಟವೇ ಆಗಲಿ, ನಾಳೆ ಕೆ.ಆರ್. ಸರ್ಕಲ್ಲಿಗೆ ಹೋಗಿ ಸೇರಿಸಿ ಬರುತ್ತೇನೆ ಎಂದರು. ಭಾನಕ್ಕ ತಲೆಯಾಡಿಸಿ, "ಅಮ್ಮ, ಅನ್ನಕ್ಕೆ ಇಡ್ಲಾ?" ಎಂದು ಕೇಳಿ ಅಡುಗೆಮನೆಗೆ ಹೋದಳು. ಕುಮುದಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ಇಡೀ ಫ್ಯಾಕ್ಟರಿ ಹೆದರುವ ಇನ್‌ಸ್ಪೆಕ್ಟರನ್ನು ಒಂದು ಮೂಗು ಸೋಲಿಸಿತ್ತು. ಕನ್ನಡಿ ಸಿಕ್ಕಾಗ ಆ ಮೂಗನ್ನು ಅವಳು ಒಂದೆರಡು ಸಲ ನೋಡಿಕೊಂಡಳು. ಒಳ್ಳೆಯ ಮೂಗು ಅನ್ನಿಸಿತು.

ಅಜ್ಜಿ ತಾವೇ ನಿಂತು ತುಪ್ಪ ಸುರಿದು ಸಜ್ಜಿಗೆ ಮಾಡಿಸಿದರು. ಪಕ್ಕದ ಕ್ವಾರ್ಟರ್ಸಿನ ವಾರಿಜಾ ಆಂಟಿಗೆ ಒಂದು ಬಟ್ಟಲು ಕೊಟ್ಟು ಬಾ ಎಂದು ಕುಮುದಾಳನ್ನೇ ಕಳಿಸಿದರು.

ವಾರಿಜಾ ಆಂಟಿಯವರದು ಮಂಗಳೂರಿನ ಕಡೆ. ಅಂಕಲ್ಲಿಗೂ ಅದೇ ಫ್ಯಾಕ್ಟರಿಯಲ್ಲಿ ಕೆಲಸ. ಆಂಟಿ ಬಟ್ಟಲು ತೆಗೆದುಕೊಂಡು ಏನು ವಿಶೇಷ ಎಂದು ಕೇಳಿದರು. ಕುಮುದಾ ಹೂವಿನ ಕತೆಯನ್ನು ಮೂಗಿನ ಭಾಗ ಬಿಟ್ಟು ಹೇಳಿದಳು. ಆಂಟಿಯ ಮುಖ ಸಪ್ಪಗಾಯಿತು.

"ಛೆ, ಭಾನುವಿಗೆ ತುಂಬಾ ಬೇಜಾರಾಗಿರ್ಬೇಕು ಅಲ್ವಾ ಮಾರಾಯ್ತಿ," ಎಂದರು.

ಬೇಜಾರು ಯಾಕೆ ಎಂದು ಕುಮುದಾಳಿಗೆ ಅರ್ಥವಾಗಲಿಲ್ಲ.

"ನಿಂಗೆ ಗೊತ್ತಿಲ್ವಾ? ಅವಳು ದಿನಾ ಸಂಜೆ ಬಂದು ನನ್ನತ್ರ ತುಳು ಕಲೀತಿದ್ಲು. ಅಲ್ಲಿ ಬಸ್ಸಲ್ಲಿ, ಅಂಗಡೀಲಿ ಮಾತಾಡ್ಲಿಕ್ಕೆ ಬೇಕು ಅಂತ. ಬಸ್ಸ್ ಓಡೆ ಪೋಪುಂಡು, ಅಂದ್ರೆ ಬಸ್ಸು ಎಲ್ಲಿಗೆ ಹೋಗ್ತದೆ ಅಂತ. ಅದನ್ನ ಎಷ್ಟು ಚಂದ ಹೇಳ್ತಾಳೆ ಗೊತ್ತುಂಟಾ."

ಕುಮುದಾ ಖಾಲಿ ಬಟ್ಟಲು ಹಿಡಿದು ಹೊರಗೆ ಬಂದಳು. ಓಡೆ ಪೋಪುಂಡು. ಆ ಮಾತನ್ನು ಅವಳು ಕೇಳಿದ್ದಳು. ಬಟ್ಟೆ ಒಗೆಯುವಾಗ, ನೀರು ಹಿಡಿಯುವಾಗ ಭಾನಕ್ಕ ಬಾಯಲ್ಲೇ ಏನೋ ಗುನುಗುತ್ತಿದ್ದಳಲ್ಲ, ಅದೇ ಇದು. ಇಂಜಿನಿಯರಿಂಗಿನ ಕಷ್ಟದ ಸೂತ್ರ ಯಾವುದೋ ಇರಬೇಕು ಎಂದು ಕುಮುದಾ ಬಗೆದಿದ್ದಳು. ಅಕ್ಕನ ಪಕ್ಕದಲ್ಲೇ ಮಲಗಿ, ಅಕ್ಕನ ವಿಷಯವೆಲ್ಲ ತನಗೆ ಗೊತ್ತು ಎಂದುಕೊಂಡವಳಿಗೆ ಇಷ್ಟೂ ಗೊತ್ತಿರಲಿಲ್ಲ.

ಮನೆಗೆ ಹೋಗಲು ಮನಸ್ಸಾಗದೆ ಆಟದ ಮೈದಾನಕ್ಕೆ ಒಂದು ಸುತ್ತು ಹೊಡೆದಳು. ಸುತ್ತುತ್ತ ಸುತ್ತುತ್ತ ತನ್ನ ಪರವಾಗಿ ತಾನೇ ವಾದ ಮಾಡಿದಳು. ಮಲ್ಲಿಗೆಗೆ ವಾಸನೆ ಇಟ್ಟವನು ದೇವರು. ಮೂಗು ಕೊಟ್ಟವನೂ ದೇವರೇ. ಹಾಗಾದರೆ ಎತ್ತಿಸಿದವನೂ ದೇವರೇ ಆಗಬೇಕಲ್ಲ. ವಾದ ಬಹಳ ಚೆನ್ನಾಗಿತ್ತು. ಕೇಳುವವಳು ಕುಮುದಾ ಒಬ್ಬಳೇ ಆಗಿದ್ದರಿಂದ ಒಪ್ಪಿಗೆಯೂ ಆಗಬೇಕಿತ್ತು, ಯಾಕೋ ಆಗಲಿಲ್ಲ.

ಊಟಕ್ಕೆ ಕೂತಾಗ ಭಾನಕ್ಕ ಎಲ್ಲರಿಗೂ ಬಡಿಸಿದಳು. ಕುಮುದಾಳ ತಟ್ಟೆಗೆ ಸಜ್ಜಿಗೆ ಹಾಕಿ, ದ್ರಾಕ್ಷಿ ಹುಡುಕಿ ಹುಡುಕಿ ಅವಳ ಕಡೆಗೇ ಜಾರಿಸಿದಳು. ಮುಖದಲ್ಲಿ ಸಿಟ್ಟಿಲ್ಲ, ಅಳುವೂ ಇಲ್ಲ. ಒಂದು ಸಲ ಗದರಿದ್ದರೂ ಕುಮುದಾಳಿಗೆ ಸಮಾಧಾನವಾಗುತ್ತಿತ್ತು. ಅವಳು ಸಜ್ಜಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಅವಳ ಜೀವಮಾನದಲ್ಲಿ ಸಜ್ಜಿಗೆ ಬಿಟ್ಟು ಎದ್ದದ್ದು ಅದೇ ಮೊದಲು.

ಅಪ್ಪ ಊಟ ಮುಗಿಸಿ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಕುಮುದಾ ಹೋಗಿ ಪಕ್ಕದಲ್ಲಿ ನಿಂತಳು. ನಾನು ಮೋಸ ಮಾಡಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಬೇರೆ ದಾರಿ ಹುಡುಕಿದಳು.

"ಅಪ್ಪ, ನಿಮ್ಮ ಪೊಟ್ಟಣ ರಿಜೆಕ್ಟ್."

ಅಪ್ಪ ತಲೆಯೆತ್ತಿದರು. ಅವರ ಕೆಲಸವನ್ನು ಯಾರೂ ಹಾಗೆ ಅಂದದ್ದಿಲ್ಲ.

"ಯಾಕೆ? ಅಳತೆ ತಪ್ಪಿತ್ತಾ?"

"ಅಳತೆ ಸರಿ ಇತ್ತು. ವಾಸನೆ ನೋಡ್ಲಿಲ್ಲ ನೀವು. ಮಲ್ಲಿಗೆ ವಾಸನೆ ಬರುತ್ತೆ, ಕನಕಾಂಬರ ಬರಲ್ಲ." ಅಷ್ಟು ಹೇಳುವಷ್ಟರಲ್ಲಿ ಅವಳ ಧ್ವನಿ ಅಳುವಿಗೆ ತಿರುಗಿತ್ತು. "ನಂಗೆ ನಿನ್ನೇನೇ ಗೊತ್ತಾಗಿತ್ತು. ಗೊತ್ತಿದ್ದೇ ಎತ್ತಿದೆ."

ಅಪ್ಪ ಎದ್ದು, ಕೈ ಒರೆಸಿಕೊಂಡು, ದೇವರ ಕೋಣೆಗೆ ಹೋಗಿ ಎರಡು ಕಾಗದಗಳನ್ನೂ ತಂದರು. ಒಂದೊಂದನ್ನೇ ಮೂಗಿಗೆ ಹಿಡಿದು ನೋಡಿದರು. ನಶ್ಯದ ಮೂಗಿಗೆ ಏನೂ ತಿಳಿಯಲಿಲ್ಲ. ಅಮ್ಮನನ್ನು ಕರೆದು ತೋರಿಸಿದರು. ಅಮ್ಮ ತಲೆಯ ಹೂ ತೆಗೆದಿಟ್ಟು, ಮೂಸಿ, "ಹೌದು ಕಣ್ರೀ. ಇದು ಮಲ್ಲಿಗೆದು," ಎಂದಳು.

ಅಷ್ಟು ಹೊತ್ತಿಗೆ ಅಜ್ಜಿಯೂ ಭಾನಕ್ಕನೂ ಬಂದಿದ್ದರು. ವಿಷಯ ತಿಳಿದು ಅಜ್ಜಿಗೆ ಕೆಂಡದಂಥ ಕೋಪ ಬಂತು. ದೇವರ ಮುಂದೆ ಮೂಸಿ ನೋಡುವ ಮಗು ಈ ವಂಶದಲ್ಲೇ ಹುಟ್ಟಿರಲಿಲ್ಲ ಎಂದರು. ತಾವು ಕಣ್ಣೊರೆಸಿಕೊಂಡದ್ದು ನೆನಪಾಗಿ ಇನ್ನಷ್ಟು ಬೈದರು. ಬೈದು ಸುಸ್ತಾದ ಮೇಲೆ, ಹೋಗಲಿ, ಈಗ ವಾಸನೆ ಇಲ್ಲದ ಎರಡು ಹೂ ತಂದು ಮತ್ತೊಮ್ಮೆ ಕೇಳೋಣ, ಈ ಸಲ ಬೇರೆ ಯಾರದಾದರೂ ಮಗುವನ್ನು ಕರೆಸೋಣ ಎಂದರು.

ಅಪ್ಪ ಕಾಗದಗಳನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ಆಮೇಲೆ ನಕ್ಕರು, ಬಹಳ ಸಣ್ಣಗೆ.

"ಬೇಡಮ್ಮ. ನಾನು ಎಂಥ ಇನ್‌ಸ್ಪೆಕ್ಟರು ನೋಡು. ಊರಲ್ಲಿರೋ ಇಂಜಿನಿಯರುಗಳನ್ನೆಲ್ಲ ಕೇಳ್ದೆ, ದೇವರನ್ನೂ ಕೇಳ್ದೆ. ಓದೋಳನ್ನ ಸರಿಯಾಗಿ ಕೇಳ್ಲೇ ಇಲ್ಲ."

ಭಾನಕ್ಕನ ಕಡೆ ತಿರುಗಿದರು. ನೀವು ಹೇಳಿದ ಹಾಗೆ ಎಂಬ ಉತ್ತರ ನಡೆಯುವುದಿಲ್ಲ, ನಿನಗೆ ಎಲ್ಲಿ ಓದಬೇಕು ಅಂತಿದೆ ಹೇಳು ಎಂದರು.

ಭಾನಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಜ್ಜಿಯನ್ನು ನೋಡಿದಳು. ಕುಮುದಾಳನ್ನು ನೋಡಿದಳು. ಕುಮುದಾಳಿಗೆ ತಲೆ ತಗ್ಗಿಸಬೇಕು ಅನ್ನಿಸಿದರೂ ತಗ್ಗಿಸಲಿಲ್ಲ.

"ಸುರತ್ಕಲ್ ಅಪ್ಪ," ಎಂದಳು ಭಾನಕ್ಕ. "ಇಲ್ಲೇ ಇದ್ರೆ ಬಸ್ಸಲ್ಲಿ ಹೋಗ್ತೀನಿ, ಬಸ್ಸಲ್ಲಿ ಬರ್ತೀನಿ. ಬಾಕಿದ್ದೆಲ್ಲ ಅಮ್ಮ ನೋಡ್ಕೋತಾಳೆ. ಅಲ್ಲಿ ಎಲ್ಲಾ ನಾನೇ ನೋಡ್ಕೋಬೇಕು. ಭಯಾನೂ ಆಗುತ್ತೆ. ಆದ್ರೂ ಹಾಗೆ ಒಂದ್ಸಲ ಇದ್ದು ನೋಡ್ಬೇಕು ಅಂತ ಆಸೆ."

ಇಷ್ಟು ಉದ್ದದ ಮಾತನ್ನು ಭಾನಕ್ಕ ತನ್ನ ಬಗ್ಗೆ ಆಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಮ್ಮ ಯಾರ ಪಕ್ಷವನ್ನೂ ಹಿಡಿಯದೆ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಅಜ್ಜಿ ಗೋಡೆಗೊರಗಿ ಕೂತರು.

"ಓಗು," ಎಂದರು ಕೊನೆಗೆ. "ಆದ್ರೆ ಆ ಸಮುದ್ರದ್ ತಾವ ಮಾತ್ರ ಸುಳೀಬ್ಯಾಡ."

"ಕಾಲೇಜು ಇರೋದೇ ಅದರ ಪಕ್ಕ ಅಜ್ಜಿ," ಎಂದಳು ಭಾನಕ್ಕ.

"ಅಂಗಾರೆ ಆ ಕಡೆ ಮಕ ಮಾಡಿ ಕೂರ್ಬ್ಯಾಡ," ಎಂದರು ಅಜ್ಜಿ. ಅಲ್ಲಿಗೆ ಅದು ತೀರ್ಮಾನವಾಯಿತು.

ಸೋಮವಾರ ಸಂಜೆಯ ಬಸ್ಸಿಗೆ ಅಪ್ಪ ಮತ್ತು ಭಾನಕ್ಕ ಹೊರಡುವುದೆಂದಾಯಿತು. ಒಂದು ದಿನ ತಡವಾದರೂ ಸೇರಿಸಿಕೊಳ್ಳುತ್ತಾರೆಂದು ಅಪ್ಪ ಫ್ಯಾಕ್ಟರಿಯಿಂದ ಟ್ರಂಕ್ ಕಾಲ್ ಮಾಡಿ ಕೇಳಿಕೊಂಡು ಬಂದಿದ್ದರು. ಕುಮುದಾ ಸ್ಕೂಲಿನಿಂದ ಬಂದಾಗ ನಡುಮನೆಯಲ್ಲಿ ಹಾಸಿಗೆ ಸುತ್ತಿ ಕಟ್ಟುವ ಹೋಲ್ಡಾಲ್ ಹರಡಿತ್ತು. ಭಾನಕ್ಕ ಹಾಸಿಗೆ, ಕಂಬಳಿ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿ ಎಲ್ಲವನ್ನೂ ಅದರೊಳಗೆ ತುರುಕುತ್ತಿದ್ದಳು.

ಕುಮುದಾ ಬಾಗಿಲಲ್ಲೇ ನಿಂತಳು. ಹಿಂದಿನ ದಿನದಿಂದ ಇಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಸಾರಿ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಬಾಯಿ ಬಿಟ್ಟಾಗ ಬಂದದ್ದು ಬೇರೆಯೇ.

"ಭಾನಕ್ಕ, ನಾನು ಹೇಳ್ದೇ ಇದ್ದಿದ್ರೆ ಇವತ್ತು ನೀನು ಕೆ.ಆರ್. ಸರ್ಕಲ್‌ಗೆ ಹೋಗಿರ್ತಿದ್ದೆ ಅಲ್ವಾ?"

"ಹೂಂ."

"ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ."

"ನಂಗೆ ಗೊತ್ತಿತ್ತು," ಎಂದಳು ಭಾನಕ್ಕ, ಡಬ್ಬಿಗೆ ಜಾಗ ಹುಡುಕುತ್ತ. "ತಟ್ಟೆ ತಂದಿಟ್ಟವಳು ನಾನೇ ಕಣೇ. ನಂಗೇನು ಮೂಗಿಲ್ವಾ?"

ಅಂದರೆ, ಮಲ್ಲಿಗೆ ಎಲ್ಲಿದೆ ಎಂದು ಭಾನಕ್ಕನಿಗೆ ತಿಳಿದಿತ್ತು. ತಂಗಿ ಅಡ್ಡಬಿದ್ದು ಏನು ಮಾಡುತ್ತಿದ್ದಾಳೆ ಎಂದೂ ತಿಳಿದಿತ್ತು. ಒಂದು ಮಾತು ಸಾಕಿತ್ತು, ಎಲ್ಲ ನಿಂತುಹೋಗುತ್ತಿತ್ತು.

"ಮತ್ತೆ ಯಾಕೆ ಸುಮ್ನಿದ್ದೆ?"

ಭಾನಕ್ಕ ಡಬ್ಬಿಯನ್ನು ಕಂಬಳಿಯ ಮಡಿಕೆಯೊಳಗೆ ತಳ್ಳಿದಳು. "ಎಡಕ್ಕೆ ಮೂಸಿದೆ, ಬಲಕ್ಕೆ ಮೂಸಿದೆ, ಮತ್ತೆ ಎಡಕ್ಕೆ. ಅಷ್ಟು ಕಷ್ಟಪಟ್ಟು ನನ್ನ ಇಟ್ಕೊಳ್ಳೋಕೆ ನೋಡ್ತಿದ್ದೀಯಲ್ಲ ಅನ್ನಿಸ್ತು. ಹೋಗ್ಲಿ ಬಿಡು, ಇಲ್ಲೇ ಇದ್ಬಿಡೋಣ ಅಂದ್ಕೊಂಡೆ."

ಕುಮುದಾಳಿಗೆ ಕಣ್ಣು ತುಂಬಿ ಬಂತು. ದೊಡ್ಡ ಬುದ್ಧಿವಂತೆ ತಾನು, ಯಾರಿಗೂ ತಿಳಿಯದ ಹಾಗೆ ಅಕ್ಕನನ್ನು ಉಳಿಸಿಕೊಂಡೆ ಎಂದು ಬೀಗಿದ್ದಳು. ಅಕ್ಕನೇ ಉಳಿಯಲು ಒಪ್ಪಿದ್ದಳು, ಅಷ್ಟೊಂದು ಆಸೆಯನ್ನು ನುಂಗಿಕೊಂಡು, ತಟ್ಟೆಗೆ ದ್ರಾಕ್ಷಿಯನ್ನೂ ಹಾಕಿ. ಹೋಗಬೇಡ ಎಂದು ಈಗ ಒಂದು ಸಲ ಕೇಳಿದ್ದರೆ ಬಹುಶಃ ಅಕ್ಕ ಈಗಲೂ ಹೋಗುತ್ತಿರಲಿಲ್ಲ. ಅದು ತಿಳಿದದ್ದರಿಂದಲೇ ಕುಮುದಾ ಕೇಳಲಿಲ್ಲ.

ಭಾನಕ್ಕ ಹೋಲ್ಡಾಲ್ ಸುತ್ತಿ ಬೆಲ್ಟು ಎಳೆದಳು. ಅದು ಕೊಂಡಿಗೆ ಎಟುಕಲಿಲ್ಲ. ಮಂಡಿಯೂರಿ ಎಳೆದಳು. ಆದರೂ ಎಟುಕಲಿಲ್ಲ.

ಕುಮುದಾ ಬ್ಯಾಗು ಕೆಳಗಿಟ್ಟು, ಮೂಗು ಒರೆಸಿಕೊಂಡು, ಬಂದು ಹೋಲ್ಡಾಲಿನ ಮೇಲೆ ಹತ್ತಿ ಕೂತಳು.

"ಈಗ ಎಳಿ," ಎಂದಳು.

"ಇನ್ನೂ ಸ್ವಲ್ಪ ಒತ್ತು."

ಕುಮುದಾ ಎರಡೂ ಕಾಲು ಮೇಲೆತ್ತಿ, ಇದ್ದ ಭಾರವನ್ನೆಲ್ಲ ಬಿಟ್ಟು ಕೂತಳು. ಬೆಲ್ಟು ಕೊಂಡಿಗೆ ಸೇರಿತು.